ಮಂಜಿನ ಹೊಳೆಯ ದೋಣಿ

"ಬುದ್ಧಿ, ತಾನು ಆಡಿದ ಮಾತನ್ನು ತಾನೇ ಮುರಿಯುವ ಕತೆಗಾರನನ್ನು ನಂಬುವುದು ಹೇಗೆ?" ಎಂದು ಶಿಷ್ಯ ಪಂಚಾಕ್ಷರಿ ಕೇಳಿದ.

ಯಾವ ಕತೆಗಾರ ಎಂದು ಗುರುಗಳು ವಿಚಾರಿಸಿದರು. ಪಂಚಾಕ್ಷರಿ ಸಂಕೋಚಪಡುತ್ತಲೇ ಟಿವಿಯ ಒಂದು ಧಾರಾವಾಹಿಯ ವಿಷಯ ಎತ್ತಿದ. ಅದು ಒಂದು ಮಾಯಾರಾಜ್ಯದ ಕತೆ. ಗುರುಗಳು ನಕ್ಕುಬಿಟ್ಟರು. ಮಠಕ್ಕೆ ಟಿವಿ ತರಿಸಿದ್ದು ಪ್ರವಚನ ನೋಡಲಿಕ್ಕೆ ಎಂದು ತಾವು ತಿಳಿದಿದ್ದೆವು, ಶಿಷ್ಯರು ಅದರೊಳಗೆ ಇಳಿದು ಇನ್ನೊಂದು ರಾಜ್ಯಕ್ಕೇ ಹೋಗಿಬರುತ್ತಿರುವುದು ಗೊತ್ತಿರಲಿಲ್ಲ ಎಂದರು.

ಪಂಚಾಕ್ಷರಿಗೆ ನಗು ಬರಲಿಲ್ಲ. ಆ ರಾಜ್ಯದ ಗಡಿಯಲ್ಲಿ ಮಂಜಿನ ಹೊಳೆಯೊಂದಿದೆ, ಅದನ್ನು ದಾಟಿ ಹೋದವರು ಹಿಂದಿರುಗುವುದಿಲ್ಲ, ಯಾಕೆಂದರೆ ಆಚೆಯಿಂದ ಈಚೆಗೆ ಬರಲು ದೋಣಿಯೇ ಇಲ್ಲ. ಮೊದಲ ಕಂತಿನಿಂದಲೂ ಹಾಗೇ ಹೇಳಿಕೊಂಡು ಬಂದಿದ್ದರು. ಅದನ್ನು ನಂಬಿ, ರಾಜ ಹೊಳೆ ದಾಟಿದ ದಿನ ಪಂಚಾಕ್ಷರಿ ಊಟ ಬಿಟ್ಟು ಅತ್ತಿದ್ದ. ಈಗ ನೋಡಿದರೆ ದೋಣಿ ಬಂದಿದೆ. ಬಂದದ್ದಷ್ಟೇ ಅಲ್ಲ, ಅದು ಮೊದಲಿನಿಂದಲೂ ಇತ್ತಂತೆ. ಈಚೆ ದಡದಲ್ಲಿ ನಿಂತು ದಿನಾ ಸಂಜೆ ಹೆಸರು ಹಿಡಿದು ಕರೆಯುವವರಿದ್ದರೆ ಅಂಬಿಗ ಅವರವರ ಜನರನ್ನು ಕರೆತರುತ್ತಾನಂತೆ. ರಾಜ ಬಂದು ಸಿಂಹಾಸನದ ಮೇಲೆ ಕೂತೂ ಆಯಿತು. ಹಾಗಾದರೆ ತಾನು ಅತ್ತದ್ದು ಏನು ಎಂಬುದು ಪಂಚಾಕ್ಷರಿಯ ಸಂಕಟ. ಹೆಚ್ಚು ಜನ ನೋಡಲಿ ಎಂಬ ದುರಾಸೆಯಿಂದಲೇ ಹೀಗೆಲ್ಲ ಮಾಡುತ್ತಾರೆ ಎಂಬುದು ಅವನ ತೀರ್ಮಾನ.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆಯನ್ನು ಹೇಳಿದರು.

ಕಡಲ ತೀರದ ಊರೊಂದರಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಮೀನಿಗೆ ಹೋದವನು ಬರಲಿಲ್ಲ. ಜೊತೆಯ ದೋಣಿಗಳು ಬಂದವು, ಅವನದು ಬರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದವರಿಗಾಗಿ ಆ ಜನರಲ್ಲಿ ಒಂದು ಪದ್ಧತಿಯಿದೆ. ಕೆಲವು ವರ್ಷ ಕಾಯುತ್ತಾರೆ. ಆಮೇಲೆ ದರ್ಭೆಯಿಂದ ಒಂದು ಗೊಂಬೆ ಕಟ್ಟಿ, ಅದನ್ನೇ ಹೋದವನೆಂದು ತಿಳಿದು ಸುಡುತ್ತಾರೆ. ಅಲ್ಲಿಗೆ ಅವನ ಋಣ ಮುಗಿಯಿತು ಎಂದು ಲೆಕ್ಕ.

ಅವಳು ಒಪ್ಪಲಿಲ್ಲ. ಮೈದುನ ವರ್ಷವರ್ಷವೂ ಬಂದು ಹೇಳಿದ, ಬೇಡಿಕೊಂಡ, ಸಿಟ್ಟೂ ಮಾಡಿದ. ಅಣ್ಣನ ಆತ್ಮವನ್ನು ಅತಂತ್ರ ಮಾಡಬೇಡ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ದಿನಾ ಇಬ್ಬರಿಗೆ ಅಕ್ಕಿ ಹಾಕುವಳು, ಒಬ್ಬಳೇ ಉಣ್ಣುವಳು. ಉಳಿದದ್ದನ್ನು ನೀರು ಹಾಕಿಟ್ಟು ಬೆಳಿಗ್ಗೆ ತಿನ್ನುವಳು. ಹೀಗೆ ತಂಗಳು ತಿಂದುಕೊಂಡೇ ಅವಳ ವಯಸ್ಸು ಕಳೆಯಿತು.

ಅವಳೂ ನೀನು ನೋಡುವ ಧಾರಾವಾಹಿಯನ್ನೇ ನೋಡುತ್ತಿದ್ದಳು. ರಾಜ ಮಂಜಿನ ಹೊಳೆ ದಾಟಿದ ಮೇಲೆ ರಾಣಿ ಬಹಳ ಕಾಲ ದಡದಲ್ಲಿ ನಿಂತಳಲ್ಲ. ದೋಣಿಯಿಲ್ಲ ಎಂಬುದು ಮನಸ್ಸಿಗೆ ಇಳಿದ ದಿನ ಅವಳು ಅರಮನೆಗೆ ಬಂದು ರಾಜನ ಊಟದ ತಟ್ಟೆಯನ್ನು ತೊಳೆದು ಅಟ್ಟಕ್ಕೆ ಏರಿಸಿದಳು. ಅದನ್ನು ನೋಡಿ ಈ ಹೆಂಗಸು ಜೋರಾಗಿ ಅತ್ತಳು. ಗಂಡ ಹೋದ ಮೇಲೆ ಅವಳು ಹಾಗೆ ಅತ್ತದ್ದು ಅದೇ ಮೊದಲು. ಮಾರನೆಯ ದಿನ ತಾನೇ ಮೈದುನನ ಮನೆಗೆ ಹೋಗಿ, ಗೊಂಬೆ ಕಟ್ಟಿಸು ಎಂದಳು. ಗೊಂಬೆ ಸುಟ್ಟರು. ಬೂದಿಯನ್ನು ಕಡಲಿಗೆ ಬಿಟ್ಟರು. ಅವಳು ಒಬ್ಬಳಿಗೆ ಅಕ್ಕಿ ಹಾಕಲು ಕಲಿತಳು. ಮೊದಮೊದಲು ಕೈ ತಪ್ಪುತ್ತಿತ್ತು, ಆಮೇಲೆ ರೂಢಿಯಾಯಿತು. ನಿದ್ದೆಯೂ ಬರತೊಡಗಿತು.

ಆಮೇಲೆ ರಾಣಿ ಮತ್ತೆ ದಡಕ್ಕೆ ಹೋಗಿ ದಿನಾ ಕರೆಯತೊಡಗಿದಳು, ದೋಣಿ ಬಂತು. ರಾಜ ಇಳಿದ ದಿನ ಕೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಎದ್ದು ಒಳಗೆ ಹೋದಳು. ಕರೆಯುವವರಿದ್ದರೆ ಬರುತ್ತಾರೆ ಎಂದ ಮೇಲೆ, ಕರೆಯುವುದನ್ನು ಬಿಟ್ಟವಳು ತಾನು. ಆಚೆ ದಡದಲ್ಲಿ ಕಾದು ನಿಂತವನ ದಾರಿಯನ್ನು ತಾನೇ ಸುಟ್ಟು ಬೂದಿ ಮಾಡಿದೆನೆಂದು ಅವಳಿಗೆ ಅನ್ನಿಸಿತು. ಬಂದಿದ್ದ ನಿದ್ದೆ ಮತ್ತೆ ಹೋಯಿತು.

ಮಂಜಿನ ಹೊಳೆಯ ಚಿತ್ರೀಕರಣ ನಡೆಯುತ್ತಿದ್ದದ್ದು ಅದೇ ಊರಿನ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿ. ಮುಂದಿನ ಸಲ ಚಿತ್ರೀಕರಣದವರು ಬಂದಾಗ ಅವಳು ಜನರ ನಡುವೆ ದಾರಿ ಮಾಡಿಕೊಂಡು, ಕತೆ ಬರೆಯುವವನು ಯಾರು ಎಂದು ಕೇಳುತ್ತ ಹೋದಳು. ಅವನು ಛತ್ರಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

"ಮೊದ್ಲು ದೋಣಿ ಇಲ್ಲ ಅಂದ್ರಿ. ಈಗ ಉಂಟು ಅಂತೀರಿ. ಯಾವುದು ಖರೆ?" ಎಂದಳು.

"ಅದು ಕತೆ ಅಮ್ಮಾ. ಎರಡೂ ನಾನೇ ಕಟ್ಟಿದ್ದು," ಎಂದು ಬರಹಗಾರ ನಕ್ಕ.

"ಕಟ್ಟಿದ್ದು ಅಂತ ನಂಗೂ ಗೊತ್ತುಂಟು. ನಾಳಿಂದ ನಾನು ಎಷ್ಟು ಜನಕ್ಕೆ ಅಕ್ಕಿ ಹಾಕ್ಬೇಕು, ಅದೊಂದು ಹೇಳಿ."

ಅವನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದವರು ಅವಳ ಗಂಡನ ಸಂಗತಿಯನ್ನು, ಗೊಂಬೆ ಸುಟ್ಟದ್ದನ್ನು ತಿಳಿಸಿದರು. ಅವನ ಮುಖ ಸಣ್ಣದಾಯಿತು. ಒಬ್ಬರಿಗೆ ಎನ್ನಲು ಬಾಯಿ ತೆರೆದ, ಅವಳು ನಿಂತ ರೀತಿಯನ್ನು ನೋಡಿ ಆಗಲಿಲ್ಲ. ಇಬ್ಬರಿಗೆ ಎನ್ನಲು ಧೈರ್ಯ ಸಾಲಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು ಹಿಂದಿರುಗಿದಳು.

ಆ ಸಂಜೆ ಚಿತ್ರೀಕರಣದವರು ಹೋದ ಮೇಲೆ ಅವಳು ಇಬ್ಬರಿಗೆ ಅಕ್ಕಿ ಹಾಕಿ, ಬೆಂಕಿ ಸಣ್ಣಗೆ ಮಾಡಿ, ಅಳಿವೆಗೆ ಹೋದಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ವಾಡಿಕೆ ಆ ಕಡೆ ಇಲ್ಲ. ಮದುವೆಯಾದಂದಿನಿಂದ ಅವಳು ಅವನನ್ನು 'ಇವರೇ' ಎಂದು ಕರೆದದ್ದೇ ಹೊರತು ಹೆಸರು ಎತ್ತಿದವಳಲ್ಲ. ನೀರಿನ ಅಂಚಿನಲ್ಲಿ ನಿಂತಳು. ನಾಚಿಕೆಯಾಯಿತು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡಳು. ಮೊದಲು ತುಟಿ ಮಾತ್ರ ಆಡಿತು. ಆಮೇಲೆ ಬೊಮ್ಮಯ್ಯಾ ಎಂದು ಕರೆದಳು. ಇನ್ನೂ ಸ್ವಲ್ಪ ಜೋರಾಗಿ ಕರೆದಳು. ಕತ್ತಲಾಗುವವರೆಗೂ ಕರೆದು ಮನೆಗೆ ಬಂದಳು, ಬಾಗಿಲಿಗೆ ಚಿಲಕ ಹಾಕದೆ ಕೂತಳು.

"ಕತೆ ಇಷ್ಟೇ," ಎಂದು ಗುರುಗಳು ಮೇಲುವಸ್ತ್ರ ಕೊಡವಿಕೊಂಡು ಎದ್ದರು.

ಪಂಚಾಕ್ಷರಿ ಏಳಲಿಲ್ಲ. ಆಮೇಲೆ ಏನಾಯಿತು ಎಂದು ಕೇಳಿದ. ಏನೂ ಆಗಲಿಲ್ಲ ಎಂದರು ಗುರುಗಳು.

"ಅಷ್ಟು ಕರೆದಳಲ್ಲ ಬುದ್ಧಿ. ಅವನು ಬರಬಹುದಿತ್ತು. ಒಂದೇ ಒಂದು ಸಲ ಬಂದು ಉಂಡು ಹೋಗಿದ್ದರೂ ಸಾಕಿತ್ತು."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ರಾಣಿಯನ್ನು ನೋಡಿ ಹೀಗೆ ಅನ್ನಿಸಿದ ದಿನವೇ ಆ ಬರಹಗಾರನೂ ತನ್ನ ಮಾತು ಮುರಿದದ್ದು."