ಸೇದುವವರಿಲ್ಲದ ಬಾವಿ

"ಗುರುಗಳೇ, ಈಗ ಪುಸ್ತಕ ಓದಿದವರೆಲ್ಲ ತಮ್ಮ ಅಭಿಪ್ರಾಯವನ್ನು ತಾವೇ ಮೊಬೈಲಿನಲ್ಲಿ ಬರೆದು ಹಾಕುತ್ತಾರೆ. ಇನ್ನು ನಾನು ಪತ್ರಿಕೆಗೆ ವಿಮರ್ಶೆ ಬರೆದು ಆಗಬೇಕಾದ್ದೇನು?" ಎಂದು ಶಿಷ್ಯ ಅಡವೀಶ ಕೇಳಿದ.

ವಿಮರ್ಶೆಗೆಂದು ಬಂದ ಹೊಸ ಪುಸ್ತಕಗಳು ಅವನ ಹೆಗಲಚೀಲದಲ್ಲಿದ್ದವು. ಒಂದನ್ನೂ ತೆರೆದಿರಲಿಲ್ಲ. ಏನು ಬರೆಯಬೇಕೆಂಬುದು ಮಾತ್ರ ಆಗಲೇ ಗೊತ್ತಿತ್ತು. ಎಲ್ಲವನ್ನೂ ಚೆನ್ನಾಗಿದೆ ಎನ್ನುವುದು ಅವನ ರೂಢಿ. "ಈವರೆಗೆ ಒಬ್ಬ ಲೇಖಕರ ಮನಸ್ಸನ್ನೂ ನೋಯಿಸಿದವನಲ್ಲ ನಾನು" ಎಂದು ತುಸು ಹೆಮ್ಮೆಯಿಂದಲೇ ಸೇರಿಸಿದ.

ಗುರು ಒಂದು ಕತೆ ಹೇಳಿದರು.

ಸವಳು ನೆಲದ ಒಂದು ಊರು. ಅಲ್ಲಿ ಸಿಹಿನೀರು ಸಿಗುವುದೇ ಅಪರೂಪ. ಯಾರು ಬಾವಿ ತೋಡಿಸಿದರೂ ಮೊದಲ ಕೊಡದ ನೀರನ್ನು ಊರಿನ ಒಬ್ಬ ಹಿರಿಯನಿಗೆ ಕುಡಿಸುವುದು ಪದ್ಧತಿ. ಅವನು ಸಿಹಿ ಎಂದರೆ ಹೆಂಗಸರು ಕೊಡ ಹೊತ್ತು ಅತ್ತ ನಡೆಯುತ್ತಿದ್ದರು. ಸವಳು ಎಂದರೆ ಆ ನೀರು ದನ ತೊಳೆಯುವುದಕ್ಕೆ. ಬಾವಿಯವರು ಒಂದೆರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದರು, ಅಷ್ಟೆ.

ಕಾಲ ಬದಲಾಯಿತು. ಹಿತ್ತಿಲಿಗೊಂದು ಬಾವಿ ಬಂತು. ಪ್ರತಿಯೊಬ್ಬರೂ ತಮ್ಮ ಬಾವಿಕಟ್ಟೆಯ ಮೇಲೆ ನಿಂತು ತಮ್ಮ ನೀರನ್ನು ತಾವೇ ಹೊಗಳತೊಡಗಿದರು. ಇನ್ನು ತನ್ನನ್ನು ಕರೆಯುವವರು ಯಾರು ಎಂದು ಹಿರಿಯನಿಗೆ ದಿಗಿಲಾಯಿತು. ಅಂದಿನಿಂದ ಅವನು ಕುಡಿದ ನೀರೆಲ್ಲ ಸಿಹಿಯಾಯಿತು. ಮನೆಮನೆಯವರೂ ಕರೆದು ಊಟ ಹಾಕಿದರು. ಅವನ ಮಾತು ನಂಬಿ ನೀರು ತಂದವರ ಮನೆಯಲ್ಲಿ ಮಾತ್ರ ಆ ಸವಳು ನೀರಿಗೆ ಬೇಳೆ ಬೇಯಲಿಲ್ಲ. ಅವರು ಬೈದುಕೊಂಡು ಮತ್ತೆ ದೂರದ ಹೊಳೆಯ ದಾರಿ ಹಿಡಿದರು.

ಹೀಗಿರುವಾಗ ಊರಾಚೆಯ ಹೊಲದಲ್ಲಿ ಒಬ್ಬ ರೈತನ ಬಾವಿಗೆ ನಿಜವಾಗಿಯೂ ಸಿಹಿನೀರು ಬಿತ್ತು. ಹಿರಿಯ ಕುಡಿದ. ಅಂಥ ನೀರು ಕುಡಿದು ಎಷ್ಟು ಕಾಲವಾಗಿತ್ತೋ, ಅವನ ಕಣ್ಣು ತುಂಬಿ ಬಂತು. ಊರೆಲ್ಲ ತಿರುಗಿ "ಸಿಹಿನೀರು, ಸಿಹಿನೀರು" ಎಂದು ಸಾರಿದ. ಒಂದು ಕೊಡವೂ ಹೊಲದ ಕಡೆ ಹೋಗಲಿಲ್ಲ. ಅವನು ಸಾರಿದ್ದೆಲ್ಲ ಜನ ಮೊದಲೇ ಕೇಳಿದ ಮಾತೇ ಆಗಿತ್ತು.

ರೈತ ಬಂದು ಅಂಗಲಾಚಿದ: "ಅಜ್ಜಾರ, ನನ್ನ ನೀರು ಹೊಗಳೂದು ಬ್ಯಾಡ್ರಿ. ಯಾರದರ ಒಂದು ಬಾವಿ ಸವಳ ಐತಿ ಅಂತ ಖರೇ ಹೇಳ್ರಿ. ಆವಾಗ ಮಂದಿ ನಿಮ್ಮ ಮಾತು ನಂಬತಾರ."

"ಅದು ಹ್ಯಾಂಗ ಆದೀತಪ್ಪಾ? ಎಲ್ಲಾರ ಮನ್ಯಾಗೂ ಉಂಡೀನಿ" ಎಂದ ಹಿರಿಯ.

ರೈತನ ಮನೆಯೊಂದಕ್ಕೆ ಎಷ್ಟು ನೀರು ಬೇಕು? ಸೇದುವವರಿಲ್ಲದೆ ಬಾವಿ ಪಾಚಿಗಟ್ಟಿತು, ನಾತ ಹೊಡೆಯಿತು. ಕಡೆಗೆ ರೈತ ತಾನೇ ಮುಳ್ಳು ಎಳೆದು ಅದರ ಬಾಯಿ ಮುಚ್ಚಿದ.

ಗುರು ಕತೆ ನಿಲ್ಲಿಸಿದರು. ಅಡವೀಶನಿಗೆ ಹಿರಿಯನ ಮೇಲೆ ಸಿಟ್ಟು ಬಂದಿತ್ತು.

"ಆ ರೈತ ಮತ್ತೆ ಬಾವಿ ತೋಡಲೇ ಇಲ್ಲವೇ, ಗುರುಗಳೇ?" ಎಂದ.

"ತೋಡಿದ್ದಾನೆ, ನಿನ್ನ ಚೀಲದಲ್ಲಿ ಅವನದು ಯಾವುದೆಂದು ನೋಡಿದೆಯಾ?"