ಎತ್ತಿನ ಉಪ್ಪಿಗೂ ಒಂದು ಸಾಲು

ಹೆಳವರ ಯಮನಪ್ಪ ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತಿದ್ದ. ಮನೆಮನೆಯ ವಂಶಾವಳಿಯನ್ನು ತನ್ನ ಪುಸ್ತಕದಿಂದ ಓದಿ ಹೇಳುವುದು, ಹೊಸದಾಗಿ ಹುಟ್ಟಿದವರ ಹೆಸರು ಅದರಲ್ಲಿ ಬರೆದುಕೊಳ್ಳುವುದು ಅವನ ಕಸುಬು. ಆ ವರ್ಷ ಅವನಿಗೂ ಎತ್ತಿಗೂ ಮಂಡಿ ಸೋತಿತ್ತು. "ಇದ ಕಡೀ ಸಲ. ನನ್ನ ಹಿಂದ ಯಾರೂ ಬರಂಗಿಲ್ಲ," ಎಂದು ಹೋದಲ್ಲೆಲ್ಲ ಹೇಳುತ್ತಿದ್ದ.

ಮಲ್ಲೇಶಪ್ಪನ ಮನೆಯಲ್ಲಿ ಸೊಸೆ ನೀಲವ್ವ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಕಾದಿದ್ದಳು. ಮಗಳ ಹೆಸರು ಆ ಪುಸ್ತಕದಲ್ಲಿ ಸೇರಬೇಕೆಂಬುದು ಅವಳ ಆಸೆ. ಆದರೆ ಯಮನಪ್ಪನ ಅಪ್ಪ ಒಂದು ಕಟ್ಟಳೆ ಮಾಡಿಟ್ಟಿದ್ದ: ಮನೆಯ ಹಿರಿಯರೆಲ್ಲ ಎದುರಿಗೆ ಕುಳಿತು ಹೆಸರು ಹೇಳಿದರೆ ಮಾತ್ರ ಬರೆಯಬೇಕು. ಈ ಮನೆಯಲ್ಲಿ ಹಿರಿಯರು ಇಬ್ಬರು. ಮಲ್ಲೇಶಪ್ಪ, ಮತ್ತು ಅವನ ತಮ್ಮ, ವಿಜ್ಞಾನ ಕಲಿಸಿ ನಿವೃತ್ತನಾದ ಗುರುಸಿದ್ದಪ್ಪ ಮಾಸ್ತರ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂರದೆ ಎರಡು ವರ್ಷವಾಗಿತ್ತು. ಜಗಳ ಹೊಲದ್ದಲ್ಲ, ಮಂಗನದು.

ಸೊಸೆಯ ಕಾಟಕ್ಕೆ ಅಂದು ಇಬ್ಬರೂ ಬಂದು ಕೂತರು. ಪುಸ್ತಕ ಬಿಚ್ಚುತ್ತಲೇ ಮಲ್ಲೇಶಪ್ಪ ಹೇಳಿದ: "ಮೊದಲ ಮ್ಯಾಲ ಬರಿ. ದೇವರು ಮನಶ್ಯಾನ್ನ ಬ್ಯಾರೇನ ಮಾಡಿದ ಅಂತ."

"ಸುಳ್ಳ ಬರಸಬ್ಯಾಡ ಅಣ್ಣಾ," ಎಂದ ಮಾಸ್ತರ. "ನಮಗೂ ಮಂಗ್ಯಾಗೂ ಹಿರೇರು ಒಬ್ಬರ. ಹಿರೇರಿಂದ ಇಳದು ಬರೂ ನಮ್ಮ ಜೀನಿನಾಗ ಕೆಟ್ಟುಹೋದ ತುಣುಕು ಅದಾವು. ಮಂಗ್ಯಾನ ಜೀನಿನಾಗೂ ಅದ ಜಾಗಾದಾಗ ಹಂಗ ಕೆಟ್ಟಾವು."

ಯಮನಪ್ಪ ಒಂದು ಹಾಳೆ ತಿರುವಿದ. "ಮಾಸ್ತರ ಮಾತು ನನ್ನ ಕಸಬಿಗೆ ತಿಳಿತೈತ್ರಿ. ಇಲ್ಲಿ ನೋಡ್ರಿ. ಐದನೇ ತಲಿಮಾರಿಗೂ ಆರನೇ ತಲಿಮಾರಿಗೂ ನಡುವ 'ಎತ್ತಿಗೆ ಉಪ್ಪು ತರಬೇಕು' ಅಂತ ಐತಿ. ನಮ್ಮ ಮುತ್ಯಾ ತನ್ನ ಹಳೇ ಪುಸ್ತಕದಾಗ ಮೈಮರತು ಬರದದ್ದು. ನಮ್ಮ ದೊಡ್ಡಪ್ಪನ ಮಕ್ಕಳ ಪುಸ್ತಕದಾಗೂ ಇದ ಸಾಲು ಇದ ಜಾಗಾದಾಗ ಐತಿ. ಬ್ಯಾರೆ ಬ್ಯಾರೆ ಕುಂತವರು ಒಂದ ತಪ್ಪು ಒಂದ ಜಾಗಾದಾಗ ಮಾಡಾಕ ಆಕ್ಕೈತೇನ್ರಿ? ಇಬ್ಬರೂ ಮುತ್ಯಾನ ಆ ಒಂದ ಪುಸ್ತಕ ನೋಡಿ ಬರಕೊಂಡದ್ದು."

"ಹಂಗಾರ ದೇವರು?" ಮಲ್ಲೇಶಪ್ಪ ಕೇಳಿದ.

"ಅದು ನನ್ನ ಪುಸ್ತಕದಾಗ ಇಲ್ರಿ ಯಪ್ಪಾ. ಅದಾನ ಅನ್ನಾಕೂ ಬರೂದಿಲ್ಲ, ಇಲ್ಲ ಅನ್ನಾಕೂ ಬರೂದಿಲ್ಲ. ಕೂಸಿನ ಹೆಸರು ಹೇಳ್ರಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಂಥ ಜಗಳಗಳು ಮುಗಿಯುವುದಿಲ್ಲ. ಕೇಳಿ ಕೇಳಿ ಕತೆ ಹೇಳುವ ನನಗೂ ಸಾಕಾಗಿದೆ. ಮಾಸ್ತರ ತೊಡೆ ತಟ್ಟಿ, "ಸೋತೆ ಅನ್ನು ಅಣ್ಣಾ, ಆಮ್ಯಾಲ ಹೆಸರು," ಎಂದ. "ನೀ ಮಂಗ್ಯಾನ ಮನಿಗೇ ಹೋಗು," ಎಂದು ಮಲ್ಲೇಶಪ್ಪ ಎದ್ದು ಹೊರಟ. ಮಾಸ್ತರ ಬೆನ್ನು ಹತ್ತಿದ. ಬೀದಿಯ ಕೊನೆಯವರೆಗೂ ಅವರ ಕೂಗಾಟ ಕೇಳುತ್ತಿತ್ತು.

ಯಮನಪ್ಪ ಹೊತ್ತು ಇಳಿಯುವವರೆಗೆ ಕಾದ.

"ಹೆತ್ತಾಕಿ ನಾನು. ನಾ ಹೇಳಿದ್ರ ನಡ್ಯಂಗಿಲ್ಲೇನಜ್ಜಾ?" ಎಂದು ನೀಲವ್ವ ಕೇಳಿದಳು.

"ಕಟ್ಟಳಿ ಯವ್ವಾ," ಎಂದ ಅವನು, ತಲೆ ಎತ್ತದೆ. ಅವನನ್ನೂ ನಾನು ಪೂರ್ತಿ ಕ್ಷಮಿಸಲಾರೆ.

ನೀಲವ್ವ ಅವನ ಜೋಳಿಗೆಗೆ ಒಂದು ಮೊರ ಜೋಳ ಹಾಕಿದಳು. ಎತ್ತು ಕುಂಟುತ್ತಾ ಹೋಯಿತು.

ಮರುದಿನ ಅಣ್ಣತಮ್ಮಂದಿರು ತಣ್ಣಗಾದರು. ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಒಂದೇ ಕಟ್ಟೆಯ ಮೇಲೆ ಕೂತು ದಾರಿಯನ್ನೂ ನೋಡಿದರು. ಹೆಳವ ಬರಲಿಲ್ಲ. ಆ ಪುಸ್ತಕದಲ್ಲಿ ಎತ್ತಿನ ಉಪ್ಪಿಗೂ ಒಂದು ಸಾಲು ಇದೆ. ನೀಲವ್ವನ ಮಗಳಿಗೆ ಇಲ್ಲ.

ನೀತಿ: ನಾವು ಎಲ್ಲಿಂದ ಬಂದೆವೆಂಬುದಕ್ಕೆ ಸಾಕ್ಷಿ ಸಿಕ್ಕಾಗ ಒಪ್ಪಿಕೊಳ್ಳಿ. ಸೋತೆ ಅನ್ನಿಸಲೇಬೇಕೆಂದು ಯಾರ ಬೆನ್ನೂ ಹತ್ತಬೇಡಿ. ಮೊಟ್ಟಮೊದಲು ಹುಟ್ಟಿದ ಮನುಷ್ಯನಿಗಾಗಿ ಬಡಿದಾಡಿ ಈಗ ಹುಟ್ಟಿದವಳನ್ನು ಮರೆತವರು, ವಾದ ಗೆದ್ದರೂ ಸೋತವರೇ.