ಬೇರಿಗೊಂದು ಕುಡಿಕೆ ಎಣ್ಣೆ

“ಗುರುಗಳೇ, ಪಟ್ಟಕ್ಕೆ ಬಂದವರೆಲ್ಲ ಹೊರದೇಶದ ಎಣ್ಣೆಯ ಹಂಗು ತಪ್ಪಿಸುತ್ತೇವೆಂದು ಮಾತು ಕೊಡುತ್ತಾರೆ. ಹಂಗು ಮಾತ್ರ ಹಾಗೇ ಉಳಿದಿದೆ. ಇವರಲ್ಲಿ ಸುಳ್ಳು ಹೇಳಿದವರು ಯಾರು?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕಡಲ ದಂಡೆಯ ರಾಜ್ಯವೊಂದರಲ್ಲಿ ಒಬ್ಬ ಗಾಣಿಗನಿದ್ದ. ಗಾಣವಿತ್ತು, ಎತ್ತಿತ್ತು, ಗಾಣಕ್ಕೆ ಹಾಕಲು ಕಾಳಿರಲಿಲ್ಲ. ಹಡಗಿನ ಎಣ್ಣೆ ಸಲೀಸಾಗಿ ಸಿಗುತ್ತಿದ್ದುದರಿಂದ ಎಣ್ಣೆಕಾಳು ಬೆಳೆಯುವುದನ್ನು ಜನ ಎಂದೋ ಬಿಟ್ಟಿದ್ದರು. ಹಡಗು ತಡವಾದರೆ ಊರಿಗೆ ಊರೇ ಕತ್ತಲು.

ಹೊಸ ಅರಸನೊಬ್ಬ ಪಟ್ಟಕ್ಕೆ ಬಂದ. ಅರಮನೆಯ ಮುಂದಿನ ಬಯಲಲ್ಲಿ ಹೊಂಗೆಯ ಸಸಿಗಳನ್ನು ನೆಡಿಸಿ, “ಇನ್ನು ನಮ್ಮ ದೀಪಕ್ಕೆ ನಮ್ಮದೇ ಎಣ್ಣೆ” ಎಂದ. ಗಾಣಿಗ ಕುಣಿದಾಡಿದ. ಪಾಪ, ನಂಬುವುದು ಅವನ ಜಾಯಮಾನ. ಬಯಲಂಚಿನ ಸಸಿಯೊಂದಕ್ಕೆ ದಿನಾ ನೀರು ಹೊತ್ತ. ಅದು ಆಳೆತ್ತರ ಬೆಳೆಯುವಷ್ಟರಲ್ಲಿ ಅರಸ ತೀರಿಕೊಂಡ.

ಒಬ್ಬ ಅರಸ ನೆಟ್ಟ ಗಿಡದ ಜೊತೆ ಇನ್ನೊಬ್ಬನ ಗಿಡ ನಿಲ್ಲಬಾರದೆಂಬುದು ಆ ನಾಡಿನ ಪದ್ಧತಿ. ಹೊಸಬ ನೆಡುವ ಮೊದಲು ಹಳಬನದು ಬೇರುಸಹಿತ ಹೋಗಬೇಕು. ಅಗೆದು ತಂದವರಿಗೆ ಬೇರಿಗೊಂದು ಕುಡಿಕೆ ಎಣ್ಣೆ ಇನಾಮು. ಎಣ್ಣೆ ಎಲ್ಲಿಯದು? ಹಡಗಿನದೇ! ಜನ ಗುದ್ದಲಿ ಹಿಡಿದು ಮುಗಿಬಿದ್ದರು. ಗಾಣಿಗ ತನ್ನ ಗಿಡವನ್ನು ತಬ್ಬಿ ಅತ್ತ. ಯಾರೋ ಅವನನ್ನು ಪಕ್ಕಕ್ಕೆ ಸರಿಸಿ ಅಗೆದರು.

ಎರಡನೆಯ ಅರಸ ಅದೇ ಮಾತಾಡಿದ, ಅದೇ ಬಯಲಲ್ಲಿ ನೆಡಿಸಿದ. ಗಾಣಿಗ ಮತ್ತೆ ನಂಬಿದ, ಮತ್ತೊಂದು ಸಸಿಗೆ ನೀರು ಹೊತ್ತ. ಈ ಸಲ ಗಿಡ ತೋಳುಗಾತ್ರವಾಗಿ ಮೊಗ್ಗು ಬಿಟ್ಟಿತು. ಗಾಣಿಗ ಹಿಗ್ಗಿ ಗಾಣದ ಧೂಳು ಕೊಡವಿದ. ಅಷ್ಟರಲ್ಲಿ ಆ ಅರಸನೂ ಪಟ್ಟ ಕಳೆದುಕೊಂಡ. ಮೂರನೆಯವನು ಬಂದ, ಬೇರು ತರಬೇಕೆಂದು ಡಂಗುರ ಹೊಡೆಸಿದ.

ಆಗ ಕಡಲಾಚೆ ಯುದ್ಧ. ಹಡಗುಗಳು ಬಂದಿರಲಿಲ್ಲ. ಅರಮನೆಯ ಉಗ್ರಾಣ ಬಿಟ್ಟರೆ ಎಣ್ಣೆ ಎಲ್ಲೂ ಇರಲಿಲ್ಲ. ಡಂಗುರದ ದಿನವೇ, ಸಂಜೆ ಹೊತ್ತಿಗೆ, ಗಾಣಿಗನ ಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಇವಳನ್ನು ಹೆತ್ತ ದಿನವೇ ಇವಳ ತಾಯಿ ಹೋಗಿದ್ದಳು.

ಸೂಲಗಿತ್ತಿ ಒಳಗಿನಿಂದ ಬಂದಳು. “ಅಣ್ಣಾ, ಮಗು ಅಡ್ಡ ತಿರುಗಿದೆ. ಕೊಳ್ಳಿ ಹಿಡಿದ್ರೆ ಬರೀ ಹೊಗೆ. ಕತ್ತಲಲ್ಲಿ ಕೈ ಹಾಕೋಕೆ ನನ್ನಿಂದ ಆಗಲ್ಲ. ಒಂದು ದೀಪ ತಾ.”

“ತರ್ತೀನಿ ತಾಯೀ, ಅವಳ ಕೈ ಬಿಡಬೇಡ” ಎಂದು ಗಾಣಿಗ ಗುದ್ದಲಿ ಎತ್ತಿಕೊಂಡ.

ಬಯಲಿಗೆ ಹೋಗಿ ತಾನೇ ಸಾಕಿದ ಗಿಡಕ್ಕೆ ಕೈಮುಗಿದ. ಅಗೆಯುವಾಗ ಮೊಗ್ಗುಗಳು ಅವನ ತಲೆಯ ಮೇಲೆ ಉದುರಿದವು. ಅವನು ಯಾರನ್ನೂ ಬೈಯಲಿಲ್ಲ. ಬೇರು ಹೊತ್ತು ಅರಮನೆಗೆ ಓಡಿದ, ಕುಡಿಕೆ ಹಿಡಿದು ಮನೆಗೆ ಓಡಿದ. ದೀಪ ಹತ್ತಿತು. ಹೆಣ್ಣುಮಗು ಹುಟ್ಟಿತು, ಮಗಳೂ ಉಳಿದಳು. ಗಾಣಿಗ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತ. ಅದು ಬರೀ ಸಂತೋಷದ ಅಳುವಾಗಿರಲಿಲ್ಲ. ಮರುದಿನ ಎತ್ತನ್ನು ಮಾರಿಬಿಟ್ಟ.

ಶಿಷ್ಯನ ಕಣ್ಣು ತುಂಬಿತ್ತು. “ಹಾಗಾದರೆ ತಪ್ಪು ಅರಸರದೋ, ಗಾಣಿಗನದೋ?” ಎಂದ.

ಗುರುಗಳು ಹೇಳಿದರು: “ಅದು ಆಮೇಲಿರಲಿ; ಆ ಹೆಣ್ಣುಮಗು ಬೆಳೆದು ಅದಕ್ಕೂ ಹೆರಿಗೆ ನೋವು ಬಂದ ಸಂಜೆ, ಹಡಗೂ ಬಾರದೆ ಹೋದರೆ, ನೀನು ಏನನ್ನು ಅಗೆಯುತ್ತೀ?”